ಕಾರಿನ ಮೈಮೇಲಿನ ತೆಳು ಪದರ: ವ್ಯಾಕ್ಸ್‌ನಿಂದ ಸೆರಾಮಿಕ್‌ವರೆಗೆ ನೂರು ವರ್ಷದ ಕಥೆ

(1/8)
ಈ ಸಲದ ಸರಣಿ ಶುರುವಾಗಿದ್ದು ಒಂದು ವಾಟ್ಸ್ಆ್ಯಪ್ ಮೆಸೇಜಿಂದ. ನಮ್ಮ ಕ್ಲಾಸಿನ ಗೆಳೆಯನೊಬ್ಬನ ಅಣ್ಣ ಸಾಲ ಮಾಡಿ ಮೊದಲ ಕಾರು ತಗೊಂಡಿದ್ದಾರೆ. ಡೆಲಿವರಿ ದಿನವೇ ಒಬ್ಬರು ಬಂದು, "ಸೆರಾಮಿಕ್ ಕೋಟಿಂಗ್ ಮಾಡಿಸ್ಬಿಡಿ ಸಾರ್, ಐದು ವರ್ಷ ಬಣ್ಣದ ಚಿಂತೆ ಇಲ್ಲ, ಗೀರೂ ಬೀಳಲ್ಲ" ಅಂದ್ರಂತೆ. ರೇಟು ಎರಡು ತಿಂಗಳ ಇಎಂಐಗಿಂತ ಜಾಸ್ತಿ. ಅವರಪ್ಪ ಬೇರೆನೇ ಹೇಳ್ತಾರೆ: "ನಾನು ಹಳೇ ಸ್ಕೂಟರಿಗೆ ಡಬ್ಬಿ ವ್ಯಾಕ್ಸ್ ಹಚ್ಚಿಕೊಂಡೇ ಇಪ್ಪತ್ತು ವರ್ಷ ಓಡಿಸಿದೀನಿ, ಅಷ್ಟು ಸಾಕು." ಗೆಳೆಯ ನನಗೆ ಬರೆದ: "ಮಗಾ, ನೀನು ಹಿಸ್ಟರಿ ಹುಚ್ಚ ಅಲ್ವಾ, ಇಬ್ಬರಲ್ಲಿ ಯಾರು ಸರಿ ಹೇಳು."

ಕಾರಿಗೂ ಹಿಸ್ಟರಿಗೂ ಏನು ಸಂಬಂಧ ಅಂತ ಮೊದಲು ನಕ್ಕೆ. ಆಮೇಲೆ ಓದ್ತಾ ಹೋದ ಹಾಗೆ ಇದು ಪಕ್ಕಾ ಹಿಸ್ಟರಿ ಪ್ರಶ್ನೆನೇ ಅಂತ ಗೊತ್ತಾಯ್ತು. ಒಂದೊಂದು ಕಾಲದ ಬಣ್ಣಕ್ಕೆ ಒಂದೊಂದು ದೌರ್ಬಲ್ಯ ಇತ್ತು. ಆ ದೌರ್ಬಲ್ಯಕ್ಕೆ ತಕ್ಕ ಹಾಗೆ ಒಂದೊಂದು ಲೇಪ ಹುಟ್ಟಿತು. ಬಣ್ಣ ಬದಲಾದ ಮೇಲೂ ಹಳೇ ಲೇಪದ ಮಾತು ಉಳ್ಕೊಂಡಿತು. ಅಪ್ಪ ಒಂದು ಕಾಲದ ಬಣ್ಣದ ಬಗ್ಗೆ ಮಾತಾಡ್ತಿದ್ದಾರೆ, ಅಂಗಡಿಯವರು ಇನ್ನೊಂದು ಕಾಲದ್ದು. ಬನ್ನಿ, ಮೊದಲಿಂದ ನೋಡೋಣ.

(2/8) ವಾರಗಟ್ಟಲೆ ಒಣಗುತ್ತಿದ್ದ ಬಣ್ಣ
ಮೊಟ್ಟಮೊದಲ ಕಾರುಗಳಿಗೆ ಬಣ್ಣ ಹೊಡೆದವರು ಕುದುರೆ ಗಾಡಿಗೆ ಬಣ್ಣ ಹೊಡೀತಿದ್ದ ಕುಶಲಕರ್ಮಿಗಳು. ಎಣ್ಣೆಯ ಬಣ್ಣ, ಅದರ ಮೇಲೆ ವಾರ್ನಿಷ್, ಎಲ್ಲಾ ಬ್ರಷ್ಷಲ್ಲೇ. ಒಂದು ಕೋಟು ಹೊಡಿ, ಒಣಗಿಸು, ಉಜ್ಜು, ಮತ್ತೆ ಹೊಡಿ. ಒಂದು ಬಾಡಿ ಮುಗಿಯೋಕೆ ವಾರಗಳೇ ಬೇಕಾಗ್ತಿತ್ತು. ಇಷ್ಟೆಲ್ಲಾ ಮಾಡಿದ್ರೂ ಬಿಸಿಲಿಗೆ ವಾರ್ನಿಷ್ ಹಳದಿಗಟ್ಟಿ ಬಿರುಕು ಬಿಡ್ತಿತ್ತು.

1913ರಲ್ಲಿ ಹೆನ್ರಿ ಫೋರ್ಡ್ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆಯಲ್ಲಿ ಚಲಿಸುವ ಅಸೆಂಬ್ಲಿ ಲೈನ್ ಶುರು ಮಾಡಿದ. ಒಂದು ಚಾಸಿ ಜೋಡಿಸೋಕೆ ಹನ್ನೆರಡೂವರೆ ಗಂಟೆ ಹಿಡೀತಿದ್ದದ್ದು ಸುಮಾರು ಒಂದೂವರೆ ಗಂಟೆಗೆ ಇಳೀತು. ಕಾರು ಗಂಟೆಗಳಲ್ಲಿ ರೆಡಿ, ಬಣ್ಣ ಮಾತ್ರ ವಾರಗಟ್ಟಲೆ! ಒಣಗೋಕೆ ನಿಂತ ಕಾರುಗಳಿಗೆ ಜಾಗ ಎಲ್ಲಿಂದ ತರೋದು?

ಫೋರ್ಡ್ ಆಗ ನೆಚ್ಚಿಕೊಂಡಿದ್ದು ಡಾಂಬರಿನ ಜಾತಿಯ ವಸ್ತು ಬೆರೆಸಿದ ಕಪ್ಪು ಬಣ್ಣವನ್ನ. ಅದನ್ನ ಒಲೆಯಲ್ಲಿ ಬೇಯಿಸಿ ಗಟ್ಟಿ ಮಾಡಬಹುದಿತ್ತು, ಅಗ್ಗ, ಬಾಳಿಕೆಯೂ ಚೆನ್ನಾಗಿತ್ತು. 1914ರಿಂದ 1925ರವರೆಗೆ ಮಾಡೆಲ್ ಟಿ ಕಾರು ಕಪ್ಪು ಬಣ್ಣದಲ್ಲಿ ಮಾತ್ರ ಸಿಗ್ತಿತ್ತು. ಅದಕ್ಕೂ ಮುಂಚೆ, 1908ರಲ್ಲಿ ಆ ಕಾರು ಬಂದಾಗ, ಬೇರೆ ಬಣ್ಣಗಳಿದ್ದವು.

(3/8) ಮದ್ದುಗುಂಡಿನ ಹತ್ತಿ, ಬಡಗಿಯ ಮಾತು
ನಿಮ್ಮ ಮನೆಗೆ ವಾರ್ಡ್‌ರೋಬ್ ಮಾಡಿಸಿದ್ರೆ ಬಡಗಿ ಅಥವಾ ಪೇಂಟರ್ ಬಾಯಲ್ಲಿ "ಡ್ಯೂಕೋ ಹೊಡೆಸ್ತೀರಾ ಸಾರ್?" ಅನ್ನೋ ಮಾತು ಕೇಳಿರ್ತೀರಿ. ಸ್ಪ್ರೇ ಗನ್ನಲ್ಲಿ ಹೊಡೆಯೋ ನುಣುಪಾದ ಬಣ್ಣಕ್ಕೆ ನಮ್ಮಲ್ಲಿ ಡ್ಯೂಕೋ ಅಂತಲೇ ಹೆಸರು. ಇದು ನೂರು ವರ್ಷ ಹಳೆಯ ಒಂದು ಅಮೆರಿಕನ್ ಬ್ರ್ಯಾಂಡಿನ ಹೆಸರು.

ಡ್ಯೂಪಾಂಟ್ ಕಂಪನಿ ಮೊದಲ ಮಹಾಯುದ್ಧದಲ್ಲಿ ಸಿಡಿಮದ್ದು ಪೂರೈಸಿ ದೊಡ್ಡದಾಗಿ ಬೆಳೆದಿತ್ತು. ಆ ಮದ್ದಿನ ಮೂಲವಸ್ತು ನೈಟ್ರೋಸೆಲ್ಯುಲೋಸ್, ಅಂದ್ರೆ ಹತ್ತಿಯ ನಾರನ್ನ ಆಮ್ಲದಲ್ಲಿ ಸಂಸ್ಕರಿಸಿದ್ದು. ಯುದ್ಧ ಮುಗೀತು, ಕಾರ್ಖಾನೆಗಳು ಉಳಿದವು. ಅದೇ ವಸ್ತುವಿನಿಂದ ಕಂಪನಿಯ ರಸಾಯನತಜ್ಞರು ತೆಳ್ಳಗೆ ಸ್ಪ್ರೇ ಮಾಡಬಹುದಾದ, ಬೇಗ ಒಣಗುವ ಲ್ಯಾಕರ್ ತಯಾರಿಸಿದ್ರು. ಡ್ಯೂಪಾಂಟಿಗೆ ಆಗ ಜನರಲ್ ಮೋಟರ್ಸಲ್ಲಿ ದೊಡ್ಡ ಪಾಲಿತ್ತು. 1923ರಲ್ಲಿ ಜನರಲ್ ಮೋಟರ್ಸ್ ತನ್ನ ಓಕ್‌ಲ್ಯಾಂಡ್ ಕಾರಿಗೆ 'ಟ್ರೂ ಬ್ಲೂ' ಅನ್ನೋ ನೀಲಿ ಡ್ಯೂಕೋ ಹೊಡೆದು ಹೊರಗೆ ಬಿಟ್ಟಿತು. ವಾರಗಳ ಕೆಲಸ ಗಂಟೆಗಳಿಗೆ ಇಳೀತು. ಬಣ್ಣಬಣ್ಣದ ಕಾರು ಸಾಮಾನ್ಯರ ಕೈಗೂ ಬರೋ ಹಾಗಾಯ್ತು. 1926ರ ಮಾಡೆಲ್‌ಗೆ ಫೋರ್ಡ್ ಕೂಡ ಮತ್ತೆ ಬೇರೆ ಬಣ್ಣ ತರಬೇಕಾಯ್ತು.

ಒಂದು ಕುತೂಹಲದ ಸಂಗತಿ: 'ಲ್ಯಾಕರ್' ಪದದ ಬೇರು ಸಂಸ್ಕೃತದ 'ಲಾಕ್ಷಾ'. ಅಂದ್ರೆ ನಮ್ಮ ಅರಗು. ಚನ್ನಪಟ್ಟಣದಲ್ಲಿ ತಿರುಗೋ ಮರದ ಬೊಂಬೆಗೆ ಅರಗಿನ ಕಡ್ಡಿ ಒತ್ತಿ, ಉಜ್ಜುವ ಬಿಸಿಗೇ ಅದನ್ನ ಕರಗಿಸಿ, ಕೊನೆಗೆ ಒಣ ಗರಿಯಿಂದ ಉಜ್ಜಿ ಹೊಳಪು ತರ್ತಾರಲ್ಲ, ಅದೇ ಅರಗು. ಡ್ಯೂಕೋದಲ್ಲಿ ಅರಗು ಇಲ್ಲ, ಹೆಸರು ಮಾತ್ರ ಉಳೀತು.

(4/8) ಹೊಳಪು ಕಾಪಾಡೋದು ಯಾರ ಕೆಲಸ?
ಡ್ಯೂಕೋಗೂ ಒಂದು ದೌರ್ಬಲ್ಯ ಇತ್ತು. ಒಣಗಿದಾಗಲೇ ಅದು ಸ್ವಲ್ಪ ಮಂಕು, ಉಜ್ಜಿದ್ರೆ ಮಾತ್ರ ಹೊಳಪು. ಆಮೇಲೆ ಬಿಸಿಲು-ಗಾಳಿಗೆ ಮೇಲ್ಪದರ ಸಾಯ್ತಾ ಬಂದು, ಕೈ ಆಡಿಸಿದ್ರೆ ಸೀಮೆಸುಣ್ಣದ ಪುಡಿ ತರ ಬೆರಳಿಗೆ ಹತ್ತುತ್ತಿತ್ತು. ಹಳೇ ಅಂಬಾಸಿಡರ್‌ಗಳ ಮಾಸಿದ ಮೇಲ್ಛಾವಣಿ ಮುಟ್ಟಿದವರಿಗೆ ಇಂಥದ್ದು ಗೊತ್ತಿರುತ್ತೆ.

ಮದ್ದು ಎರಡು ಹಂತದ್ದು. ಮೊದಲು ಪಾಲಿಶ್ ಹಾಕಿ ಸತ್ತ ಪದರ ಉಜ್ಜಿ ತೆಗೆಯೋದು. ಆಮೇಲೆ ವ್ಯಾಕ್ಸ್ ಹಚ್ಚಿ, ಹೊಸದಾಗಿ ಹೊರಬಂದ ಬಣ್ಣಕ್ಕೆ ಗಾಳಿ-ನೀರು ತಾಕದ ಹಾಗೆ ಮುಚ್ಚೋದು. ಶಿಕಾಗೋದ ಸೈಮನಿಜ್ ಕಂಪನಿ 1910ರಲ್ಲೇ ಶುರುವಾಗಿತ್ತು. ಅದರ ಹೆಸರು ಎಷ್ಟು ಓಡಿತು ಅಂದ್ರೆ, ಉಜ್ಜಿ ಹೊಳಪು ಬರಿಸೋದಕ್ಕೆ 'ಸೈಮನೈಸ್' ಅನ್ನೋ ಕ್ರಿಯಾಪದವೇ ಇಂಗ್ಲಿಷ್ ನಿಘಂಟು ಸೇರಿತು.

ಇಲ್ಲಿ ಒಂದು ವಿಷಯ ಗಮನಿಸಿ. ಕುದುರೆ ಗಾಡಿ ಕಾಲದಲ್ಲಿ ಉಜ್ಜೋ ಕೆಲಸ ಕಾರ್ಖಾನೆಯ ಕುಶಲಕರ್ಮಿಯದು. ಬೇಗ ಒಣಗೋ ಲ್ಯಾಕರ್ ಬಂದ ಮೇಲೆ ಕಾರ್ಖಾನೆಯ ಸಮಯ ಉಳೀತು, ಆದ್ರೆ ಉಜ್ಜೋ ಕೆಲಸದ ಒಂದು ಪಾಲು ಕಾರಿನ ಮಾಲೀಕನ ಭಾನುವಾರಕ್ಕೆ ಬಂತು. ಶ್ರೀಮಂತನಾದ್ರೆ ಅವನ ಡ್ರೈವರ್‌ನ ಭಾನುವಾರಕ್ಕೆ. ಕೆಲಸ ಮಾಯ ಆಗಲಿಲ್ಲ, ಕೈ ಬದಲಾಯ್ತು ಅಷ್ಟೇ.

(5/8) ಡಬ್ಬಿಯೊಳಗಿನ ತಾಳೆಮರ
ಒಳ್ಳೆ ವ್ಯಾಕ್ಸ್ ಡಬ್ಬಿ ಮೇಲೆ 'ಕಾರ್ನೌಬಾ' ಅಂತ ಬರೆದಿರುತ್ತೆ. ಅದು ಬ್ರೆಜಿಲಿನ ಈಶಾನ್ಯ ಭಾಗದ ಒಂದು ತಾಳೆ ಜಾತಿಯ ಮರ. ಸಿಯಾರಾ, ಪಿಯಾವಿ ರಾಜ್ಯಗಳ ಒಣ ಬಯಲಲ್ಲಿ ಬೆಳೆಯುತ್ತೆ. ತನ್ನ ನೀರು ಆವಿಯಾಗದೇ ಇರ್ಲಿ ಅಂತ ಮರ ತನ್ನ ಎಲೆ ಮೇಲೆ ತಾನೇ ಮೇಣ ಬಳ್ಕೊಳ್ಳುತ್ತೆ. ಜೇನುಮೇಣ 62-64 ಡಿಗ್ರಿ ಸೆಲ್ಸಿಯಸ್‌ಗೆ ಕರಗಿದ್ರೆ ಇದು ಕರಗೋಕೆ 80 ಡಿಗ್ರಿ ದಾಟಬೇಕು. ಬಿಸಿಲಲ್ಲಿ ಕಾಯೋ ಬಾನೆಟ್ಟಿಗೆ ಇದಕ್ಕಿಂತ ಒಳ್ಳೆ ಮೇಣ ಆ ಕಾಲದಲ್ಲಿ ಸಿಗೋದು ಕಷ್ಟವಿತ್ತು.

1935ರಲ್ಲಿ ಜಾನ್ಸನ್ ವ್ಯಾಕ್ಸ್ ಕಂಪನಿಯ ಯಜಮಾನ ಹರ್ಬರ್ಟ್ ಜಾನ್ಸನ್ ಈ ಮರ ಹುಡುಕಿಕೊಂಡು ವಿಸ್ಕಾನ್ಸಿನ್‌ನ ರೇಸೀನ್ ಊರಿಂದ ಬ್ರೆಜಿಲಿನ ಫೋರ್ಟಲೇಜಾವರೆಗೆ ನೀರಿನ ಮೇಲೂ ಇಳಿಯಬಲ್ಲ ಪುಟ್ಟ ವಿಮಾನದಲ್ಲಿ ಹೋದ. 1940ರ ದಶಕದಲ್ಲಿ ಶಿಕಾಗೋದ ಬೆನ್ ಹರ್ಶ್ ತನ್ನದೇ ಪಾಲಿಶ್ ಮಾರೋಕೆ ಹೊರಟ. ನಿಲ್ಲಿಸಿದ್ದ ಯಾರದೋ ಕಾರಿನ ಒಂದೇ ಒಂದು ಫೆಂಡರ್ ಹೊಳೆಯೋ ಹಾಗೆ ಉಜ್ಜಿ, ಮಾಲೀಕ ಬರೋವರೆಗೂ ಕಾಯ್ತಿದ್ದನಂತೆ! ಅವನ ಕಂಪನಿಯೇ ಮುಂದೆ ಟರ್ಟಲ್ ವ್ಯಾಕ್ಸ್ ಆಯ್ತು.

ಇವು ಕಂಪನಿಗಳು ಹೆಮ್ಮೆಯಿಂದ ಹೇಳ್ಕೊಳ್ಳೋ ಕಥೆ. ಹೇಳದೇ ಇರೋದು ಇನ್ನೊಂದಿದೆ. ಬೇಸಿಗೆಯಲ್ಲಿ ಉದ್ದನೆ ಗಳಕ್ಕೆ ಕತ್ತಿ ಕಟ್ಟಿ ಗರಿ ಕೆಡವಿ, ಬಿಸಿಲಲ್ಲಿ ಒಣಗಿಸಿ, ಬಡಿದು ಮೇಣದ ಪುಡಿ ಉದುರಿಸೋರು ಕೂಲಿಗಳು. ಗುಲಾಮಗಿರಿಗೆ ಸಮನಾದ ಸ್ಥಿತಿಯಲ್ಲಿ ದುಡೀತಿದ್ದ ಇಂಥ ಕೂಲಿಗಳನ್ನ ಬ್ರೆಜಿಲಿನ ಕಾರ್ಮಿಕ ಇಲಾಖೆಯವರು ಈಚಿನ ವರ್ಷಗಳಲ್ಲೂ ಬಿಡಿಸಿದ್ದಾರೆ. 'ನೈಸರ್ಗಿಕ' ಅನ್ನೋ ಒಂದೇ ಪದ ನೋಡಿ ವ್ಯಾಕ್ಸ್‌ನ ಪಾಪದ ವಸ್ತು ಅಂದ್ಕೋಬೇಡಿ.

(6/8) ಎಲ್ಲಾ ಬದಲಾಯಿಸಿದ ಪಾರದರ್ಶಕ ಪದರ
ನಮ್ಮ ಕಥೆಯ ದೊಡ್ಡ ತಿರುವು 1980ರ ದಶಕದ್ದು, ಆದ್ರೆ ಇದರ ಬಗ್ಗೆ ಮಾತಾಡೋರು ಕಮ್ಮಿ. ಕಾರಿನ ಬಣ್ಣವನ್ನ ಎರಡು ಭಾಗ ಮಾಡಿದ್ರು: ಕೆಳಗೆ ಬಣ್ಣದ ಪದರ, ಮೇಲೆ ಬಣ್ಣವೇ ಇಲ್ಲದ ಕ್ಲಿಯರ್ ಕೋಟ್. ಬಿಸಿಲಿನ ನೇರಳಾತೀತ ಕಿರಣ ತಡೆಯೋ ವಸ್ತುಗಳನ್ನೂ ಅದರೊಳಗೇ ಸೇರಿಸಿದ್ರು. ಸೀಮೆಸುಣ್ಣದ ತರ ಪುಡಿ ಉದುರೋ ಕಾಟ ಬಹುಪಾಲು ಹೋಯ್ತು. ಅಂದ್ರೆ ವ್ಯಾಕ್ಸ್ ಹುಟ್ಟಿದ್ದ ಕಾರಣಗಳಲ್ಲಿ ಅರ್ಧ ಅಲ್ಲೇ ಮುಗೀತು.

ಹೊಸ ಪದರಕ್ಕೆ ಹೊಸ ದೌರ್ಬಲ್ಯಗಳು. ಒಂದು, ಆಮ್ಲ. ಆಮ್ಲಮಳೆ, ಹಕ್ಕಿ ಹಿಕ್ಕೆ, ಸತ್ತ ಹುಳ ಇವೆಲ್ಲಾ ಬಿಸಿಲಲ್ಲಿ ಕ್ಲಿಯರ್ ಕೋಟನ್ನ ಕೊರೆದು ಕಲೆ ಮಾಡ್ತವೆ. ಅಮೆರಿಕದ ಜಾಕ್ಸನ್‌ವಿಲ್ ಊರು ಕಾರಿನ ಬಣ್ಣಕ್ಕೆ ಇಂಥ ಪರೀಕ್ಷೆ ನಡೆಸೋ ಜಾಗ ಅಂತಲೇ ಹೆಸರಾಯ್ತು. ಎರಡು, ಸುಳಿ ಗೀರು. ಧೂಳಿನ ಬಟ್ಟೆಯಲ್ಲಿ ಒರೆಸಿದ್ರೆ ಜೇಡರ ಬಲೆ ತರದ ಸಣ್ಣ ಗೀರುಗಳು ಬಿಸಿಲಿಗೆ ಎದ್ದು ಕಾಣ್ತವೆ. ಮೂರು, ಇದು ಎಷ್ಟು ತೆಳು ಅಂದ್ರೆ, ಸಾಮಾನ್ಯವಾಗಿ 35-50 ಮೈಕ್ರಾನ್. ನಿಮ್ಮ ತಲೆಗೂದಲು ಅದಕ್ಕಿಂತ ದಪ್ಪ. ಪ್ರತಿ ಸಲ ಮೆಷಿನ್ ಪಾಲಿಶ್ ಮಾಡಿಸಿದಾಗಲೂ ಇದರಲ್ಲಿ ಸ್ವಲ್ಪ ಸವೆಯುತ್ತೆ. ಹಾಗಾಗಿ "ವರ್ಷಕ್ಕೆ ಮೂರು ಸಲ ರಬ್ಬಿಂಗ್ ಮಾಡಿಸಿ" ಅನ್ನೋ ಡ್ಯೂಕೋ ಕಾಲದ ಬುದ್ಧಿವಾದ ಇವತ್ತಿನ ಕಾರಿಗೆ ಹಾನಿ.

(7/8) ಸೆರಾಮಿಕ್ ಅಂದ್ರೆ ನಿಜಕ್ಕೂ ಏನು?
ಹೆಸರು ಸೆರಾಮಿಕ್, ಆದ್ರೆ ಇದು ಕುಂಬಾರನ ಆವಿಗೆಯಲ್ಲಿ ಬೆಂದದ್ದಲ್ಲ. ಪುಟ್ಟ ಬಾಟಲಿಯಲ್ಲಿ ಬರೋ ದ್ರವ. ಒಳಗಿರೋದು ಸಿಲಿಕಾನ್ ಮೂಲದ ರಾಸಾಯನಿಕಗಳು, ಕೆಲವದರಲ್ಲಿ ಪಾಲಿಸಿಲಜೇನ್. ಹಚ್ಚಿದ ಮೇಲೆ ಗಾಳಿಯ ತೇವದ ಜೊತೆ ಸೇರಿ, ಸಿಲಿಕಾನ್-ಆಮ್ಲಜನಕದ ಬಲೆ ಹೆಣೆದು, ಗಾಜಿನ ಜಾತಿಯ ತೆಳು ಪದರ ಆಗುತ್ತೆ. ಜಪಾನಲ್ಲಿ ಇದನ್ನ 'ಗ್ಲಾಸ್ ಕೋಟಿಂಗ್' ಅಂತಲೇ ಕರೀತಾರೆ.

ವ್ಯಾಕ್ಸ್ ಬಣ್ಣದ ಮೇಲೆ ಸುಮ್ಮನೆ ಕೂತಿರುತ್ತೆ. ಬಿಸಿಲು, ಶ್ಯಾಂಪೂ ಸೇರಿ ಕೆಲವು ವಾರ, ಹೆಚ್ಚೆಂದ್ರೆ ಕೆಲವು ತಿಂಗಳಲ್ಲಿ ಹೋಗುತ್ತೆ. ಸೆರಾಮಿಕ್ ಗಟ್ಟಿಯಾಗಿ ಅಂಟಿಕೊಳ್ಳುತ್ತೆ. ಸರಿಯಾಗಿ ಹಾಕಿದ್ರೆ ಅದರ ಆಯುಸ್ಸು ವರ್ಷಗಳ ಲೆಕ್ಕ. ಹಿಕ್ಕೆ, ರಾಸಾಯನಿಕಗಳಿಗೆ ಚೆನ್ನಾಗಿ ತಡೆಯುತ್ತೆ, ಕೊಳೆ ಬೇಗ ಬಿಡುತ್ತೆ. ಇದು ನಿಜವಾದ ಲಾಭ, ಒಪ್ಕೋಬೇಕು.

ಈಗ ಜಾಹೀರಾತಿನ ಎರಡು ಮಾತು. ಮೊದಲನೆಯದು '9 ಎಚ್ ಗಟ್ಟಿತನ'. ಇದು ಪೆನ್ಸಿಲ್ ಪರೀಕ್ಷೆ. ಡ್ರಾಯಿಂಗ್ ಕ್ಲಾಸಿನ 2 ಬಿ, 4 ಎಚ್ ನೆನಪಿದ್ಯಾ? ಅದೇ ಪೆನ್ಸಿಲ್‌ಗಳನ್ನ ಪದರದ ಮೇಲೆ ಓರೆಯಾಗಿ ಒತ್ತಿ ಎಳೀತಾರೆ. 9 ಎಚ್ ಪೆನ್ಸಿಲ್ಲಿಗೂ ಗೀರು ಬೀಳಲಿಲ್ಲ ಅಂದ್ರೆ 9 ಎಚ್. ಖನಿಜಗಳ ಗಟ್ಟಿತನ ಅಳೆಯೋ ಮೋಸ್ ಮಾಪಕ ಬೇರೆ. ಅದರಲ್ಲಿ 10 ಅಂದ್ರೆ ವಜ್ರ, ಮರಳಿನ ಕಣ 7. ಎರಡನ್ನೂ ಕಲಸಿ 'ವಜ್ರದ ಹತ್ತಿರ' ಅನ್ನೋದು ಸುಳ್ಳು. ರಸ್ತೆ ಧೂಳಲ್ಲಿರೋ ಮರಳಿಗೆ ಈ ಪದರ ಸೋಲುತ್ತೆ. ದಪ್ಪ ಎಷ್ಟು ಗೊತ್ತಾ? ಒಂದೆರಡು ಮೈಕ್ರಾನಿನ ಆಸುಪಾಸು!

ಎರಡನೆಯದು 'ತಾವರೆ ಎಲೆ ತರ'. ನೀರಲ್ಲಿದ್ರೂ ನೀರಂಟದ ತಾವರೆ ಎಲೆ ನಮಗೆಲ್ಲಾ ಗೊತ್ತು. ಜರ್ಮನಿಯ ಸಸ್ಯವಿಜ್ಞಾನಿ ವಿಲ್ಹೆಲ್ಮ್ ಬಾರ್ಟ್‌ಲಾಟ್ 1997ರ ಪ್ರಬಂಧದಲ್ಲಿ ಇದರ ಗುಟ್ಟು ವಿವರಿಸಿದ್ರು: ಎಲೆ ಮೇಲಿನ ಸೂಕ್ಷ್ಮ ಉಬ್ಬುಗಳು, ಅವುಗಳ ಮೇಲೆ ಮೇಣದ ಹರಳು. ನೋಡಿ, ತಾವರೆ ಬಳಸೋದು ವ್ಯಾಕ್ಸ್! ಕಾರಿನ ಸೆರಾಮಿಕ್ ಪದರ ನುಣುಪು, ಆ ಉಬ್ಬುಗಳು ಅದರಲ್ಲಿಲ್ಲ. ನೀರು ಮಣಿಯಾಗುತ್ತೆ, ಆದ್ರೆ ಎಲ್ಲಾ ಹನಿಯೂ ಉರುಳಿ ಹೋಗಲ್ಲ. ನಿಂತ ಹನಿ ಬಿಸಿಲಿಗೆ ಆರಿದ್ರೆ ನೀರಿನ ಸುಣ್ಣದಂಶ ಬಿಳಿ ಚುಕ್ಕೆಯಾಗಿ ಉಳಿಯುತ್ತೆ. ಬೋರ್‌ವೆಲ್ ನೀರಲ್ಲಿ ಗಾಡಿ ತೊಳೆಯೋ ಬೆಂಗಳೂರಿನವರಿಗೆ ಈ ಚುಕ್ಕೆ ಚಿರಪರಿಚಿತ.

(8/8) ಹಾಗಾದ್ರೆ ಯಾರು ಸರಿ?
ಗೆಳೆಯನಿಗೆ ನಾನು ಬರೆದ ಉತ್ತರ ಇದು.

ಕಾರು ನೆರಳಲ್ಲಿ ನಿಲ್ಲುತ್ತೆ, ಎರಡು-ಮೂರು ತಿಂಗಳಿಗೊಮ್ಮೆ ಅರ್ಧ ದಿನ ಕೂತು ಹಚ್ಚೋ ತಾಳ್ಮೆ ಇದೆ ಅಂದ್ರೆ ವ್ಯಾಕ್ಸ್ ಧಾರಾಳ ಸಾಕು. ದಿನವಿಡೀ ಬಿಸಿಲಲ್ಲೋ ಹಕ್ಕಿ ಕೂರೋ ಮರದಡಿಯಲ್ಲೋ ನಿಲ್ಲುತ್ತೆ, ಕೈಯಲ್ಲಿ ದುಡ್ಡಿದೆ, ಕಾರನ್ನ ತುಂಬಾ ವರ್ಷ ಇಟ್ಕೋತೀರಿ ಅಂದ್ರೆ ಸೆರಾಮಿಕ್‌ಗೆ ಅರ್ಥ ಇದೆ. ಹಾಕೋ ಮುಂಚೆ ಇರೋ ಗೀರು ತೆಗೆದಿರಬೇಕು, ಇಲ್ಲಾಂದ್ರೆ ಗೀರೂ ಅದರಡಿ ಹಾಗೇ ಉಳಿಯುತ್ತೆ. ಕಲ್ಲೇಟು, ಕೀಲಿ ಗೀರು ಎರಡೂ ತಡೆಯಲ್ಲ. ಅದಕ್ಕೆ ಇರೋದು ದಪ್ಪನೆ ಪ್ಲಾಸ್ಟಿಕ್ ಫಿಲ್ಮ್, ಅದರ ಖರ್ಚು ಇನ್ನೂ ಜಾಸ್ತಿ. ಸಾಲದ ಮೇಲೆ ಸಾಲ ಮಾಡಿ ಹಾಕಿಸೋ ವಸ್ತು ಮಾತ್ರ ಇದಲ್ಲ. ನಿಮ್ಮ ಕಾರಿನ ಮುಖ್ಯ ರಕ್ಷಾಕವಚ ಆ ಕ್ಲಿಯರ್ ಕೋಟ್. ಅದಕ್ಕೆ ಕಾರು ಕೊಂಡಾಗಲೇ ದುಡ್ಡು ಕೊಟ್ಟಾಗಿದೆ.

ಯಾವುದು ಹಾಕಿದ್ರೂ ತೊಳೆಯೋದು ತಪ್ಪಲ್ಲ. ಎರಡು ಬಕೆಟ್ ಇಟ್ಕೊಳ್ಳಿ, ಒಂದರಲ್ಲಿ ಶ್ಯಾಂಪೂ, ಇನ್ನೊಂದರಲ್ಲಿ ಬಟ್ಟೆ ಜಾಲಿಸೋಕೆ ಬರೀ ನೀರು. ಮೆತ್ತನೆ ಮೈಕ್ರೋಫೈಬರ್ ಬಟ್ಟೆ ಬಳಸಿ. ನೆರಳಲ್ಲಿ ತೊಳೆದು ತಕ್ಷಣ ಒರೆಸಿ. ಪೈಪ್ ಬಿಟ್ಟು ಸುರಿಯೋ ಅಗತ್ಯ ಇಲ್ಲ. 2024ರ ಮಾರ್ಚಲ್ಲಿ ನೀರಿಗೆ ಹಾಹಾಕಾರ ಎದ್ದಾಗ ಬೆಂಗಳೂರು ಜಲಮಂಡಳಿ ಕುಡಿಯುವ ನೀರಲ್ಲಿ ವಾಹನ ತೊಳೆದ್ರೆ 5,000 ರೂಪಾಯಿ ದಂಡ ಅಂದಿದ್ದು ನೆನಪಿರಲಿ.

ಕೊನೆಗೆ ಏನಾಯ್ತು? ಅಣ್ಣ ಅಂಗಡಿಗೆ ಹೋಗಿ, "ಗೀರು ಬೀಳಲ್ಲ ಅಂದ್ರಲ್ಲ, ಅದನ್ನೇ ವಾರಂಟಿ ಪೇಪರಲ್ಲಿ ಬರ್ಕೊಡಿ" ಅಂದ್ರಂತೆ. ಬರ್ಕೊಡಲಿಲ್ಲ. ಸದ್ಯಕ್ಕೆ ಒಂದು ಡಬ್ಬಿ ವ್ಯಾಕ್ಸ್, ಎರಡು ಬಕೆಟ್ ಮನೆಗೆ ಬಂದಿವೆ. ಹೋದ ಭಾನುವಾರ ಅಪ್ಪ-ಮಗ ಇಬ್ಬರೂ ಬಾನೆಟ್ ಉಜ್ಜುತ್ತಿರೋ ಫೋಟೋ ಗೆಳೆಯ ಕಳಿಸಿದ. ಅಪ್ಪನ ಮುಖದಲ್ಲಿ ಗೆದ್ದ ನಗು. ಪೂರ್ತಿ ಗೆದ್ದಿಲ್ಲ ಅಂತ ನಾನು ಹೇಳೋಕೆ ಹೋಗಲಿಲ್ಲ.

ನಿಮ್ಮ ಮನೇಲಿ ಹಳೇ ಲ್ಯಾಂಬಿ, ಅಂಬಾಸಿಡರ್, ಪದ್ಮಿನಿ ಫೋಟೋ ಇದ್ರೆ ಕಳಿಸಿ. ಅದನ್ನ ಉಜ್ಜುತ್ತಿದ್ದವರು ಯಾರು ಅಂತಲೂ ಬರೀರಿ, ಮುಂದಿನ ಸರಣಿಗೆ ಹಾಕೋಣ. ಹೊಸ ಗಾಡಿ ತಗೊಳ್ತಿರೋ ಗೆಳೆಯರಿಗೆ ಇದನ್ನ ಕಳಿಸಿಬಿಡಿ.

#ಬಣ್ಣದಚರಿತ್ರೆ #ದಿನಬಳಕೆಯಇತಿಹಾಸ #ಕನ್ನಡದಲ್ಲಿಹಿಸ್ಟರಿ