‘ಎದುರಿಸು’: ಒಂದು ಕ್ರಿಯಾಪದದ ಹಿನ್ನೆಲೆ

‘ಎದುರಿಸು’ ಹುಟ್ಟಿದ್ದು ‘ಎದುರು’ ಎಂಬ ನಾಮಪದದಿಂದ. ‘ಓಡಿಸು’ ಎಂಬಲ್ಲಿ ‘ಇಸು’ ಪ್ರತ್ಯಯಕ್ಕೆ ಬೇರೊಬ್ಬರಿಂದ ಮಾಡಿಸುವ ಅರ್ಥವಿದೆ, ಇಲ್ಲಿ ಹಾಗಿಲ್ಲ. ಹೆಸರಿಸು, ಪ್ರೀತಿಸು ಎಂಬಲ್ಲಿನಂತೆ ಅದು ನಾಮಪದವನ್ನು ಕ್ರಿಯಾಪದವಾಗಿಸಿದೆಯಷ್ಟೆ.

ಪದದ ಬೇರು ದ್ರಾವಿಡ. ತಮಿಳಿನಲ್ಲಿ ‘ಎದಿರ್’, ತೆಲುಗಿನಲ್ಲಿ ‘ಎದುರು’, ಹಳಗನ್ನಡದಲ್ಲಿ ‘ಇದಿರ್’. ಮುಂದಿನ ಅಕ್ಷರದಲ್ಲಿ ಇಕಾರವೋ ಉಕಾರವೋ ಇದ್ದರೆ ಮೊದಲಿನ ಎಕಾರ ಇಕಾರವಾಗುವುದು ಹಳಗನ್ನಡದ ಜಾಯಮಾನ: ತಮಿಳಿನ ‘ಎಲಿ’ ಕನ್ನಡಕ್ಕೆ ‘ಇಲಿ’, ‘ಚೆವಿ’ ಕನ್ನಡಕ್ಕೆ ‘ಕಿವಿ’. ಕರಾವಳಿಯ ಕನ್ನಡದಲ್ಲಿ ‘ಇದಿರು’ ಇಂದಿಗೂ ಬಳಕೆಯಲ್ಲಿದೆ.

ಈ ಪದದಲ್ಲಿ ಮೊದಲಿಗೆ ಇದ್ದದ್ದು ಹಗೆತನವಲ್ಲ, ದಿಕ್ಕು. ಮುಖದ ಮುಂದಿರುವ ಜಾಗ. ಎದುರುಮನೆಯವರು ಶತ್ರುಗಳಲ್ಲ. 12ನೇ ಶತಮಾನದ ಬಸವಣ್ಣನವರ ಪ್ರಸಿದ್ಧ ವಚನವೊಂದರಲ್ಲಿ ‘ಇದಿರು’ ಎಂದರೆ ಇನ್ನೊಬ್ಬ ವ್ಯಕ್ತಿ, ಅಷ್ಟೆ. ಮದುವೆಯಲ್ಲಿ ಗಂಡಿನ ಕಡೆಯವರು ಬಂದಾಗ ಕಳಸ, ಆರತಿ, ವಾಲಗದೊಡನೆ ಮುಂದೆ ಹೋಗಿ ಕರೆತರುವುದು ‘ಎದುರುಗೊಳ್ಳುವುದು’. ಹಳಗನ್ನಡದ ‘ಇದಿರ್ಗೊಳ್’ ಇದರ ಹಿರಿಯ ರೂಪ. ಸ್ವಾಗತವೂ ಸಂಘರ್ಷವೂ ಒಂದೇ ಬೇರಿನಿಂದ ಚಿಗುರಿದ್ದು ಈ ಪದದ ದೊಡ್ಡ ಸೊಗಸು.

ಸಂಘರ್ಷದ ಅರ್ಥ ಗಟ್ಟಿಯಾದದ್ದು ರಣರಂಗದ ಭಾಷೆಯಲ್ಲಿ. ಹಳಗನ್ನಡದ ಯುದ್ಧವರ್ಣನೆಗಳಲ್ಲಿ ‘ಇದಿರಾಂತು’, ‘ಮಾರಾಂತು’ ಎಂಬ ಮಾತುಗಳು ಬರುತ್ತವೆ. ‘ಆನ್’ ಎಂದರೆ ತಾಳು, ಹೊರು. ಮೇಲೆ ಬಿದ್ದ ಪೆಟ್ಟನ್ನು ಮುಂದೆ ನಿಂತು ತಾಳಿಕೊಳ್ಳುವುದೇ ‘ಇದಿರಾನ್’. ಊರೂರಿನ ವೀರಗಲ್ಲುಗಳ ಕೆಳಪಟ್ಟಿಕೆ ನೋಡಿದರೆ ಈ ನಿಲುವು ಕಣ್ಣಿಗೆ ಕಟ್ಟುತ್ತದೆ: ಬಿಲ್ಲನ್ನೋ ಕತ್ತಿಯನ್ನೋ ಹಿಡಿದ ವೀರ, ಅವನ ಮುಂದೆ ವೈರಿಗಳ ಗುಂಪು. ಮೇಲಿನ ಪಟ್ಟಿಕೆಗಳಲ್ಲಿ ಅಪ್ಸರೆಯರು ಅವನನ್ನು ಒಯ್ಯುತ್ತಾರೆ. ಕೊನೆಗೆ ಅವನು ಲಿಂಗದ ಸನ್ನಿಧಿಯಲ್ಲಿರುತ್ತಾನೆ. ‘ಮಾರಾಂತು’ ಎಂಬಲ್ಲಿನ ‘ಮಾರ್’ (ಎದುರು, ಪ್ರತಿ) ಮುಂದೆ ಯುದ್ಧದ ಮಾತಿನಿಂದ ಹಿಂದೆ ಸರಿದು ಮಾರ್ದನಿ, ಮಾರ್ನುಡಿಗಳಲ್ಲಿ ಉಳಿಯಿತು. ‘ಎದುರು’ ಮಾತ್ರ ಎದುರಾಳಿ, ಎದುರುತ್ತರ, ಎದುರು ಹಾಕಿಕೊಳ್ಳು ಎಂದು ಬೆಳೆಯುತ್ತ ಹೋಯಿತು.

ಸಂಸ್ಕೃತ ಮೂಲದ ‘ವಿರೋಧಿಸು’ ಇದಕ್ಕೆ ಪೂರ್ತಿ ಸಮನಲ್ಲ. ಮಸೂದೆಯನ್ನು ಮನೆಯಲ್ಲೇ ಕುಳಿತು ವಿರೋಧಿಸಬಹುದು. ಎದುರಿಸಬೇಕಾದರೆ ಮುಂದೆ ನಿಲ್ಲಲೇಬೇಕು. ಬರ, ಕಾಯಿಲೆ, ಸಾಲ, ಪರೀಕ್ಷೆ, ವಿಚಾರಣೆಗಳನ್ನು ಕನ್ನಡಿಗರು ಎದುರಿಸುತ್ತಾರೆ. ಇವುಗಳಲ್ಲಿ ಹಲವಕ್ಕೆ ವೈರಿಯೇ ಇಲ್ಲ. ಹಳೆಯ ‘ಆನ್’ ಹೊತ್ತಿದ್ದ ತಾಳಿಕೆಯ ಅರ್ಥವೇ ಇಲ್ಲಿ ಮುಂದುವರಿದಿದೆ.