ಏರ್ ಡೆಕ್ಕನ್–ಕಿಂಗ್‌ಫಿಷರ್ ವಿಲೀನ

ಬೆಂಗಳೂರಿನಲ್ಲಿ ಹುಟ್ಟಿದ ಅಗ್ಗದ ದರದ ವಿಮಾನಸಂಸ್ಥೆ ಏರ್ ಡೆಕ್ಕನ್, ವಿಜಯ್ ಮಲ್ಯ ಅವರ ಕಿಂಗ್‌ಫಿಷರ್ ಏರ್‌ಲೈನ್ಸ್‌ನೊಡನೆ 2007–08ರಲ್ಲಿ ಒಂದಾದ ಪ್ರಕರಣ. ಕಾನೂನಿನ ಪ್ರಕಾರ ಕಿಂಗ್‌ಫಿಷರ್ ವಹಿವಾಟು ಡೆಕ್ಕನ್ ಕಂಪನಿಯೊಳಗೆ ಸೇರಿತು; ಜನರ ಕಣ್ಣಿಗೆ ಮಾತ್ರ ಡೆಕ್ಕನ್ ಹೆಸರೇ ಮರೆಯಾಯಿತು.

ಹಿನ್ನೆಲೆ

ಹಾಸನ ಜಿಲ್ಲೆಯ ಗೊರೂರಿನಲ್ಲಿ ಬೆಳೆದು, ಸೇನೆಯಲ್ಲಿದ್ದು, ಬಳಿಕ ಕೃಷಿಕರಾದ ಕ್ಯಾಪ್ಟನ್ ಜಿ. ಆರ್. ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಆರಂಭಿಸಿದರು. ಸಣ್ಣ ಎಟಿಆರ್ ವಿಮಾನಗಳ ಮೂಲಕ ಅದು ಹುಬ್ಬಳ್ಳಿಯಂಥ ಊರುಗಳನ್ನು ಬೆಂಗಳೂರಿಗೆ ಜೋಡಿಸಿತು. ಉಚಿತ ಊಟವಿರಲಿಲ್ಲ, ಬೇಕಾದವರು ಕೊಂಡು ತಿನ್ನಬೇಕಿತ್ತು. ಕೆಲವು ಸೀಟುಗಳನ್ನು 1 ರೂಪಾಯಿಗೂ ಮಾರಲಾಯಿತು. ಮೈಸೂರಿನಲ್ಲಿ ಹುಟ್ಟಿದ ವ್ಯಂಗ್ಯಚಿತ್ರಕಾರ ಆರ್. ಕೆ. ಲಕ್ಷ್ಮಣ್ ಅವರ ‘ಶ್ರೀಸಾಮಾನ್ಯ’ ಅದರ ಜಾಹೀರಾತಿನ ಮುಖವಾದ. ರೈಲಿನ ಟಿಕೆಟ್ ಸಾಲಿನಲ್ಲಿ ನಿಲ್ಲುವವನೂ ವಿಮಾನ ಹತ್ತಬಹುದೆಂಬ ಮಾತನ್ನು ಆ ಚಿತ್ರವೇ ಹೇಳುತ್ತಿತ್ತು.

2005ರ ಮೇ ತಿಂಗಳಲ್ಲಿ ಹಾರಾಟ ಆರಂಭಿಸಿದ ಕಿಂಗ್‌ಫಿಷರ್ ಇದಕ್ಕೆ ತದ್ವಿರುದ್ಧ. ಊಟೋಪಚಾರ, ಸೀಟಿನೆದುರು ಮನರಂಜನೆಯ ಪರದೆ, ಕೆಂಪು ಸಮವಸ್ತ್ರದ ಸಿಬ್ಬಂದಿ ಅದರ ಗುರುತಾಗಿದ್ದವು.

ವಿಲೀನದ ಹಂತಗಳು

ದರ ಸ್ಪರ್ಧೆಯಲ್ಲಿ ಎರಡೂ ಸಂಸ್ಥೆಗಳು ನಷ್ಟ ಅನುಭವಿಸುತ್ತಿದ್ದವು. 2007ರ ಮೇ 31ರಂದು ಮಲ್ಯ ಅವರ ಯು.ಬಿ. ಸಮೂಹವು ಡೆಕ್ಕನ್‌ನ ಶೇ. 26ರಷ್ಟು ಷೇರುಗಳನ್ನು ಸುಮಾರು 550 ಕೋಟಿ ರೂಪಾಯಿಗೆ ಕೊಳ್ಳುವುದಾಗಿ ಪ್ರಕಟಿಸಿತು. ವಿದೇಶಕ್ಕೆ ಹಾರಲು ದೇಶದೊಳಗೆ 5 ವರ್ಷ ಸೇವೆ ಸಲ್ಲಿಸಿರಬೇಕು, 20 ವಿಮಾನಗಳಿರಬೇಕು ಎಂಬ ನಿಯಮ ಆಗ ಇತ್ತು. ಕಿಂಗ್‌ಫಿಷರ್‌ಗೆ ಇನ್ನೂ ಅಷ್ಟು ವರ್ಷವಾಗಿರಲಿಲ್ಲ; ಡೆಕ್ಕನ್‌ಗೆ 2008ರ ಆಗಸ್ಟ್‌ನಲ್ಲಿ 5 ವರ್ಷ ತುಂಬುವುದರಲ್ಲಿತ್ತು. ವಿಲೀನದ ನಂತರ, ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಕಿಂಗ್‌ಫಿಷರ್ ಬೆಂಗಳೂರಿನಿಂದ ಲಂಡನ್‌ಗೆ ಹಾರಿತು.

ಏರ್ ಡೆಕ್ಕನ್ ಹೆಸರು ಎರಡು ಸಲ ಬದಲಾಯಿತು. 2007ರಲ್ಲಿ ‘ಸಿಂಪ್ಲಿಫ್ಲೈ ಡೆಕ್ಕನ್’ ಆಯಿತು. ನೀಲಿ-ಹಳದಿ ಬಣ್ಣ ಹೋಗಿ ಕೆಂಪು-ಬಿಳಿ ಬಂತು, ಹಾರುವ ಹಕ್ಕಿಯಂತೆ ಜೋಡಿಸಿದ್ದ ಎರಡು ಅಂಗೈಗಳ ಲಾಂಛನದ ಜಾಗದಲ್ಲಿ ಕಿಂಗ್‌ಫಿಷರ್‌ನ ಮಿಂಚುಳ್ಳಿ ಕುಳಿತಿತು. 2008ರ ಆಗಸ್ಟ್‌ನಲ್ಲಿ ಅದೂ ಅಳಿದು ‘ಕಿಂಗ್‌ಫಿಷರ್ ರೆಡ್’ ಆಯಿತು.

ಪ್ರಯಾಣಿಕರು ಮತ್ತು ಮಾಧ್ಯಮ

ಏರ್ ಡೆಕ್ಕನ್ ವಿಮಾನಗಳು ತಡವಾಗುತ್ತವೆ ಎಂಬ ದೂರು ಮೊದಲಿನಿಂದಲೂ ಇತ್ತು. ಹೀಗಾಗಿ ವಿಲೀನದಿಂದ ಸೇವೆ ಸುಧಾರಿಸೀತೆಂಬ ನಿರೀಕ್ಷೆಯೂ, ದರ ಏರೀತೆಂಬ ಅಂಜಿಕೆಯೂ ಒಟ್ಟಿಗೇ ಹುಟ್ಟಿದವು. ಮಿತವ್ಯಯದ ಸಂಸ್ಥೆಯೂ ಐಷಾರಾಮದ ಸಂಸ್ಥೆಯೂ ಒಂದೇ ಸೂರಿನಡಿ ಬಾಳಬಲ್ಲವೇ ಎಂದು ವಾಣಿಜ್ಯ ಪತ್ರಿಕೆಗಳು ಕೇಳಿದವು. ಹೆಸರೂ ಬಣ್ಣವೂ ಒಂದೇ ಆದ ಮೇಲೆ ಎರಡರ ನಡುವಿನ ಗೆರೆ ಮಸುಕಾಯಿತು. ಡೆಕ್ಕನ್ ಪ್ರಯಾಣಿಕರು ಕಿಂಗ್‌ಫಿಷರ್‌ಗೆ ಏರಲಿಲ್ಲ, ಇಂಡಿಗೋ ಕಡೆ ಹೋದರು; ಕಿಂಗ್‌ಫಿಷರ್ ಪ್ರಯಾಣಿಕರೇ ಕಡಿಮೆ ದರದ ರೆಡ್‌ಗೆ ಇಳಿದರು ಎಂಬುದು ಗೋಪಿನಾಥ್ ಅವರ ವಿಶ್ಲೇಷಣೆ.

ಪರಿಣಾಮ

2010ರಲ್ಲಿ ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣ ಹೊಸದಾಗಿ ತೆರೆದಾಗ ಬೆಂಗಳೂರಿಗೆ ಸೇವೆ ಕೊಟ್ಟದ್ದು ಕಿಂಗ್‌ಫಿಷರ್. ಮರುವರ್ಷವೇ ಆ ಸೇವೆ ನಿಂತಿತು. ಅಗ್ಗದ ದರದ ವಿಭಾಗದಲ್ಲಿ ಪೈಪೋಟಿ ಬೇಡವೆಂದು 2011ರ ಸೆಪ್ಟೆಂಬರ್‌ನಲ್ಲಿ ಮಲ್ಯ ‘ರೆಡ್’ ಅನ್ನು ಕೈಬಿಡುವುದಾಗಿ ಸಾರಿದ್ದರು. 2012ರ ಅಕ್ಟೋಬರ್‌ನಲ್ಲಿ ಕಿಂಗ್‌ಫಿಷರ್‌ನ ಪರವಾನಗಿಯೇ ಅಮಾನತಾಯಿತು.

ಡೆಕ್ಕನ್ ಹೆಸರು 2017ರ ಕೊನೆಗೆ ಕೇಂದ್ರ ಸರ್ಕಾರದ ಪ್ರಾದೇಶಿಕ ವಿಮಾನ ಸಂಪರ್ಕದ ಉಡಾನ್ ಯೋಜನೆಯಡಿ ಮರಳಿ, 2020ರಲ್ಲಿ ಮತ್ತೆ ನಿಂತಿತು. ಅದೇ ವರ್ಷ ಗೋಪಿನಾಥ್ ಅವರ ಆತ್ಮಕಥೆಯನ್ನು ಆಧರಿಸಿದ ತಮಿಳು ಚಿತ್ರ ‘ಸೂರರೈ ಪೋಟ್ರು’ ತೆರೆಕಂಡಿತು.

ಮಹತ್ವ

ಇಂಥ ವಿಲೀನ ಇದೊಂದೇ ಅಲ್ಲ. 2007ರಲ್ಲೇ ಜೆಟ್ ಏರ್‌ವೇಸ್ ಏರ್ ಸಹಾರಾವನ್ನು ಕೊಂಡು ‘ಜೆಟ್‌ಲೈಟ್’ ಎಂದು ಹೆಸರಿಟ್ಟಿತು. ಏರ್ ಇಂಡಿಯಾ ಮತ್ತು ಇಂಡಿಯನ್ ಏರ್‌ಲೈನ್ಸ್ ಒಂದಾದವು. 2024ರ ನವೆಂಬರ್‌ನಲ್ಲಿ ವಿಸ್ತಾರ ಸಂಸ್ಥೆ ಏರ್ ಇಂಡಿಯಾದಲ್ಲಿ ಸೇರಿತು. ಇವುಗಳ ನಡುವೆ ಡೆಕ್ಕನ್ ಪ್ರಕರಣಕ್ಕೆ ತನ್ನದೇ ಪಾಠವಿದೆ. ವಿಮಾನ, ಮಾರ್ಗ, ಪರವಾನಗಿಗಳನ್ನು ಹಣ ಕೊಟ್ಟು ಪಡೆಯಬಹುದು. ‘ಇದು ನನ್ನ ಕೈಗೆಟಕುತ್ತದೆ’ ಎಂದು ಮೊದಲ ಸಲ ವಿಮಾನ ಹತ್ತಿದವರ ನಂಬಿಕೆ ಡೆಕ್ಕನ್ ಹೆಸರಿಗೆ ಅಂಟಿಕೊಂಡಿತ್ತು. ಹೆಸರಿನ ಜೊತೆಗೇ ಅದೂ ಹೋಯಿತು.