ಮಾಗಿಗಳು: ಒಂದು ಪದದ ಪಯಣ

ಪ್ರಭುಪ್ರಕಟಣೆಯ ಹಬ್ಬ ಬಂತೆಂದರೆ ನಮ್ಮ ಗೋದಲಿಗಳಲ್ಲಿ ಮೂರು ರಾಜರ ಬೊಂಬೆಗಳು ಬಂದು ನಿಲ್ಲುತ್ತವೆ. ಆದರೆ ಸಂತ ಮತ್ತಾಯರು ಅವರನ್ನು ರಾಜರೆಂದು ಕರೆದಿಲ್ಲ, ಮೂವರೆಂದೂ ಹೇಳಿಲ್ಲ. ಕಾಣಿಕೆ ಮೂರಾದುದರಿಂದ ಜನರೂ ಮೂವರಾದರು. 72ನೇ ಕೀರ್ತನೆಯ ಅರಸರನ್ನು ನೆನೆದು ಭಕ್ತರು ಅವರಿಗೆ ಕಿರೀಟ ತೊಡಿಸಿದರು. ಮತ್ತಾಯರು ಬಳಸಿದ ಗ್ರೀಕ್ ಪದ 'ಮಾಗೊಯ್'. ನಾವು ಇಂದು ಆಡುವ 'ಮ್ಯಾಜಿಕ್' ಹುಟ್ಟಿದ್ದು ಇದೇ ಬೇರಿನಿಂದ!

ಈ ಪದದ ತವರು ಪ್ರಾಚೀನ ಇರಾನ್. ಅಲ್ಲಿ 'ಮಗುಶ್' ಎಂದರೆ ಪುರೋಹಿತ. ಕ್ರಿ.ಪೂ. 522ರಲ್ಲಿ ಗೌಮಾತನೆಂಬ ಮಗುಶ್ ಸಿಂಹಾಸನವನ್ನು ಕಬಳಿಸಿದನೆಂದು ದಾರಯವಸು ಚಕ್ರವರ್ತಿ ಬೆಹಿಸ್ತೂನಿನ ಬಂಡೆಯ ಮೇಲೆ ಕೆತ್ತಿಸಿದ್ದಾನೆ. ಮಾಗಿಗಳು ಮೇದ್ಯರ ಆರು ಕುಲಗಳಲ್ಲಿ ಒಂದು, ಕನಸಿಗೆ ಅರ್ಥ ಹೇಳುವವರು ಎಂದು ಇತಿಹಾಸಕಾರ ಹೆರೊಡೋಟಸ್ ಬರೆದಿದ್ದಾನೆ.

ಗ್ರೀಕರಿಗೆ ಪರ್ಷಿಯ ಶತ್ರುದೇಶ. ಶತ್ರುವಿನ ಪುರೋಹಿತನ ಹೆಸರು ಕ್ರಮೇಣ ಬೈಗುಳವಾಯಿತು. ಸೊಫೊಕ್ಲಿಸನ ನಾಟಕದಲ್ಲಿ ಸಿಟ್ಟಿಗೆದ್ದ ಈಡಿಪಸ್ ರಾಜ, ಸತ್ಯ ನುಡಿದ ಕುರುಡು ದರ್ಶಿಯನ್ನು ಹೀಗಳೆಯುವುದು ಇದೇ ಪದದಿಂದ. ಮುಂದೆ ಗ್ರೀಕಿನ 'ಮಾಗೇಯ' ಲತೀನಿನಲ್ಲಿ 'ಮಾಜಿಯ' ಆಗಿ ಯೂರೋಪಿನ ಭಾಷೆಗಳಿಗೆ ಹರಡಿತು. ನಮ್ಮ 'ಮಾಟ'ದ ಕಥೆಯೂ ಇಂಥದೇ ಅಲ್ಲವೇ? 'ಮಾಡು' ಎಂಬುದರಿಂದ ಬಂದ ಪದ. 'ಮಾಟವಾದ ಮೂಗು' ಎಂದರೆ ಮೆಚ್ಚುಗೆ, 'ಮಾಟ ಮಾಡಿಸಿದರು' ಎಂದರೆ ಭಯ.

ಹೊಸ ಒಡಂಬಡಿಕೆಯಲ್ಲೇ ಈ ಪದಕ್ಕೆ ಎರಡು ಮುಖಗಳಿವೆ. ಪ್ರೇಷಿತರ ಕಾರ್ಯಕಲಾಪಗಳ 13ನೇ ಅಧ್ಯಾಯದಲ್ಲಿ, ಸೈಪ್ರಸ್ ದ್ವೀಪದ ಪಾಫೋಸಿನಲ್ಲಿ ಸಂತ ಪೌಲರನ್ನು ಎದುರಿಸಿದ ಎಲಿಮನೂ 'ಮಾಗೊಸ್'. 8ನೇ ಅಧ್ಯಾಯದ ಸಮಾರಿಯದ ಸಿಮೋನನ ಕಸುಬನ್ನು ಹೇಳುವುದೂ ಅದೇ ಬೇರಿನ ಪದ. ಕನ್ನಡ ಅನುವಾದಕರು ಒಂದು ಕಡೆ 'ಜೋಯಿಸರು', ಇನ್ನೊಂದು ಕಡೆ 'ಮಂತ್ರವಾದಿ' ಎಂದು ಬರೆದದ್ದರಿಂದ ಈ ನಂಟು ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಹಾಗಾದರೆ ವ್ಯತ್ಯಾಸ ಎಲ್ಲಿದೆ? ಸಿಮೋನ ಹಣದ ಗಂಟು ಬಿಚ್ಚಿ, ಪವಿತ್ರಾತ್ಮರನ್ನು ಇತರರಿಗೆ ಕೊಡುವ ಶಕ್ತಿಯನ್ನು ಕೊಳ್ಳಲು ನೋಡಿದ. ಬೆತ್ಲೆಹೇಮಿಗೆ ಬಂದವರು ಗಂಟು ಬಿಚ್ಚಿ ಚಿನ್ನ, ಧೂಪ, ರಕ್ತಬೋಳವನ್ನು ಕೊಟ್ಟರು, ಏನನ್ನೂ ಕೇಳಲಿಲ್ಲ. ದೇವರನ್ನು ತನ್ನ ಕೈವಶ ಮಾಡಿಕೊಳ್ಳಲು ಹೊರಡುವುದು ಮಂತ್ರವಾದ. ದೇವರ ಮುಂದೆ ಮಂಡಿಯೂರುವುದು ಆರಾಧನೆ.

ಮನೆಯಲ್ಲಿ ಕಾಯಿಲೆ ವಾಸಿಯಾಗದಿದ್ದಾಗ, ಮಗಳ ಮದುವೆ ಕೂಡಿಬರದಿದ್ದಾಗ, ಕತ್ತಲಾದ ಮೇಲೆ ಯಾರಿಗೂ ತಿಳಿಯದಂತೆ ಮಂತ್ರವಾದಿಯ ಬಾಗಿಲು ತಟ್ಟುವವರು ನಮ್ಮಲ್ಲೂ ಇದ್ದಾರೆ. ಅಷ್ಟೇ ಏಕೆ, ಹರಕೆ ಹೊತ್ತು 'ಇಷ್ಟು ಕೊಡುತ್ತೇನೆ, ಅಷ್ಟು ಮಾಡಿಕೊಡು' ಎಂದು ಪೀಠದ ಮುಂದೆಯೇ ಚೌಕಾಸಿಗೆ ಇಳಿಯುವಾಗ ನಾವೂ ಸಿಮೋನನ ಪಕ್ಕದಲ್ಲೇ ನಿಂತಿರುತ್ತೇವೆ. ಅಂಥವರನ್ನೂ ದೇವರು ದೂರ ತಳ್ಳುವುದಿಲ್ಲ. ನಕ್ಷತ್ರ ನೋಡುವವರನ್ನು ನಕ್ಷತ್ರದಿಂದಲೇ ಕರೆದವರು ಅವರು. ಬಂದವರು ಬೇರೊಂದು ದಾರಿಯಿಂದ ತಮ್ಮ ನಾಡಿಗೆ ಹಿಂದಿರುಗಿದರು. ಈ ಹಬ್ಬದಂದು ಗೋದಲಿಯ ಮುಂದೆ ಮಂಡಿಯೂರಿ ಏಳುವ ನಾವು ಯಾವ ದಾರಿಯಿಂದ ಮನೆಗೆ ಹಿಂದಿರುಗುತ್ತೇವೆ?